ಮೂರು ಸಲ ಹೆಸರಿಟ್ಟ ಸೆಲಿನಾ

ಅಮ್ಮನಿಗೆ,

ಮೊದಲು ಕ್ಷಮಿಸಿಬಿಡು, ಬರೆಯುತ್ತಿರುವುದಕ್ಕೇ. ಫೋನ್ ಇದೆ, ವಾಟ್ಸಾಪ್ ಇದೆ, ಟ್ರೈನ್ ಹತ್ತಿದರೆ ನಿಮ್ಮ ಎಡಿಸನ್ ಏನೂ ದೂರವಿಲ್ಲ. ಇಷ್ಟೆಲ್ಲ ಇದ್ದೂ ಕಾಗದ ಬರೆಯುವವಳು ಒಂದೋ ಹುಚ್ಚಿ, ಇಲ್ಲ ಜಗಳಗಂಟಿ ಅಂತ ಅಂದುಕೊಳ್ಳುತ್ತೀಯೇನೋ. ಆದರೆ ಫೋನಿನಲ್ಲಿ ನೀನು "ಊಟ ಆಯ್ತಾ ಪುಟ್ಟಾ?" ಅಂದ ಕೂಡಲೇ ನಾನು ಹೇಳಬೇಕು ಅಂದುಕೊಂಡಿದ್ದೆಲ್ಲ ಗಂಟಲಲ್ಲೇ ಕರಗಿಹೋಗಿ "ಹೂಂ, ಆಯ್ತು" ಅಂತ ಹೊರಗೆ ಬರುತ್ತದೆ. ನಿಮ್ಮ ಮನೆಗೆ ಬಂದರೆ ಇನ್ನೂ ಕಷ್ಟ. ನಿನ್ನನ್ನು ಏನಂತ ಕರೆಯಬೇಕು, ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿಕೊಳ್ಳುವುದರಲ್ಲೇ ಮಾತು ಮುಗಿದಿರುತ್ತದೆ. ಮೇಲೆ "ಅಮ್ಮನಿಗೆ" ಅಂತ ಬರೆದೆನಲ್ಲ, ಅದಕ್ಕೂ ಮುಂಚೆ ಹರಿದು ಹಾಕಿದ ಹಾಳೆಯಲ್ಲಿ "ಕೌಸಲ್ಯಾ ಆಂಟಿಗೆ" ಅಂತ ಇತ್ತು. ಅಭ್ಯಾಸಬಲ.

ಆತುರಕ್ಕೆ ಕಾರಣ ನಿನಗೇ ಗೊತ್ತು. ಶರ್ವಾಣಿಯ ರಂಗಪ್ರವೇಶದ ಬ್ರೋಷರ್ ಈ ಶುಕ್ರವಾರ ಪ್ರಿಂಟಿಗೆ ಹೋಗುತ್ತದೆ. "ಕನ್ನಡ ಕೂಟದ ಬಾಲು ಅಂಕಲ್ ಪ್ರೆಸ್ಸಿಗೆ ಕೊಡ್ತಾರೆ, ಅಷ್ಟರಲ್ಲಿ ಇಂಗ್ಲಿಷ್ ಒಂಚೂರು ನೋಡಿಕೊಡು ಪುಟ್ಟಾ, ನಿನ್ನಷ್ಟು ಚೆನ್ನಾಗಿ ಇಲ್ಲಿ ಯಾರಿಗೆ ಬರುತ್ತೆ" ಅಂತ ನೀನೇ ಕಳಿಸಿದೆ. ನೋಡಿದ್ದೇನೆ. ಕಾಮಾ, ಫುಲ್‌ಸ್ಟಾಪ್ ಎಲ್ಲ ಸರಿಮಾಡಿದ್ದೇನೆ. ಇನ್ನೂ ವಾಪಸ್ ಕಳಿಸಿಲ್ಲ. ಅದರ ಬದಲು ಕಾಲೇಜಿನ ಡಾರ್ಮಿನ ಬೇಸ್‌ಮೆಂಟಿನಲ್ಲಿ, ಲಾಂಡ್ರಿ ಮೆಷಿನ್‌ಗಳ ಎದುರು ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಬೆಚ್ಚಗಿರುತ್ತದೆ. ಉಗುರು ಕಚ್ಚಿದರೆ ಯಾರೂ ನೋಡುವುದಿಲ್ಲ.

ಕನ್ನಡದಲ್ಲಿ ಬರೆಯುವುದಕ್ಕೂ ಒಂದು ಲೆಕ್ಕಾಚಾರ ಇದೆ. ಕವರ್ ಶರ್ವಾಣಿಯ ಕೈಗೆ ಸಿಕ್ಕಿದರೂ ಅವಳಿಗೆ ಓದಲು ಬರುವುದಿಲ್ಲ. ತಮಾಷೆ ನೋಡು. ಅಪ್ಪ ಅಮ್ಮ ಇಬ್ಬರೂ ಮೈಸೂರಿನವರಾದ ನಿನ್ನ ಚಿಕ್ಕ ಮಗಳಿಗೆ "ಅ ಆ" ಬರುವುದಿಲ್ಲ, ಅರ್ಧ ಇಂಗ್ಲಿಷಿನವಳಾದ ನಾನು ಒತ್ತಕ್ಷರ ತಪ್ಪದೆ ಬರೆಯುತ್ತೇನೆ. ಎಲ್ಲ ಹಾಸ್ಟೆಲಿನ ಪುಣ್ಯ. ಭಾನುವಾರ ತಿಂಡಿ ಆದಮೇಲೆ ಎಲ್ಲ ಹುಡುಗಿಯರೂ ಮನೆಗೆ ಕಾಗದ ಬರೆಯಲೇಬೇಕಿತ್ತು. ವಾರ್ಡನ್ ಓದಿ, ತಪ್ಪು ತಿದ್ದಿಸಿ, ಆಮೇಲೆ ಅಂಚೆಗೆ ಹಾಕುತ್ತಿದ್ದರು. ನಾನು "ಪ್ರೀತಿಯ ಅಜ್ಜಿಗೆ" ಅಂತ ಬರೆಯುತ್ತಿದ್ದೆ. ನಿನ್ನ ಅಡ್ರೆಸ್ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಇದು ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ. ತಪ್ಪಿದ್ದರೆ ತಿದ್ದುವವರು ಯಾರೂ ಇಲ್ಲ.

ಮಾರ್ಚಿನಲ್ಲಿ ನಿನ್ನ ಅಡುಗೆಮನೆಯಲ್ಲಿ ನಿಂತು ಒಂದು ಮಾತು ಕೇಳಿದ್ದೆ, ನೆನಪಿದೆಯಾ? ನಮ್ಮ ರೈಟಿಂಗ್ ಕ್ಲಾಸಿನಲ್ಲಿ ನಿಮ್ಮ ವಂಶದ ಒಂದು ಕವಲನ್ನು ಹುಡುಕಿ ಬರೆಯಿರಿ ಅಂದಿದ್ದರು. ನಿನ್ನ ಕಡೆಯದನ್ನು ಬರೆಯೋಣ ಅಂತ ನನ್ನ ಆಸೆ. ನೀನು ಚಪಾತಿ ಲಟ್ಟಿಸುತ್ತಾ, ತಿರುಗಿ ಕೂಡ ನೋಡದೆ, "ನಮ್ಮದೇನಿದೆ ಬರೆಯೋಕೆ? ನಿಮ್ಮಪ್ಪನ ಕಡೇದು ಬರಿ. ಬೀದಿ ಸುತ್ತೋರ ಕಥೆ, ಇಲ್ಲಿನವರಿಗೆ ಅಂಥದ್ದೇ ಇಂಟರೆಸ್ಟಿಂಗ್" ಅಂದೆ. ಆಮೇಲೆ ಚಪಾತಿಗೆ ತುಪ್ಪ ಹಚ್ಚಿ ನನಗೇ ಮೊದಲು ಕೊಟ್ಟೆ. ನೀನು ಯಾವಾಗಲೂ ಹೀಗೇ, ಹೊಡೆದ ಕೈಯಲ್ಲೇ ಬಡಿಸುತ್ತೀ. ಸಿಟ್ಟು ಮಾಡಿಕೊಳ್ಳಲು ಪುರಸೊತ್ತೇ ಕೊಡುವುದಿಲ್ಲ.

ಬೀದಿ ಸುತ್ತೋರು ಅನ್ನುವ ಮಾತು ನನಗೆ ಹೊಸದಲ್ಲ. ಅಜ್ಜಿ ಆ ಕಥೆಯನ್ನು ನಕ್ಕು ನಕ್ಕು ಹೇಳುತ್ತಿದ್ದಳು. ನೀನು ಅಪ್ಪನನ್ನು ಮೈಸೂರಿಗೆ ಕರೆತಂದಾಗ ತಾತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರಂತೆ, ಇಂಗ್ಲೆಂಡಿನ ದೊಡ್ಡ ಮನೆತನ, ದೊರೆಗಳ ಕಡೆಯವರು ಅಂತ. ಬಿಳಿ ಚರ್ಮದವನೆಂದ ಮೇಲೆ ದೊರೆಯಲ್ಲದೆ ಇನ್ನೇನು! ಆಮೇಲೆ ಕಾಫಿ ಕೊಟ್ಟು, ಗಂಡು ನೋಡುವ ಶಾಸ್ತ್ರದ ಹಾಗೆ, "ನಿಮ್ಮ ಪೂರ್ವಿಕರು ಏನು ಮಾಡ್ತಿದ್ದರು?" ಅಂತ ಕೇಳಿದರು. ಅಪ್ಪ ಖುಷಿಯಿಂದ, "ಹಾಕರ್ಸ್, ಸರ್. ಬಟ್ಟೆ ಕ್ಲಿಪ್ಪು, ಪಿನ್ನು, ರಿಬ್ಬನ್ನು. ಡೋರ್ ಟು ಡೋರ್!" ಅಂದರಂತೆ. ತಾತ ಲೋಟ ಕೆಳಗಿಟ್ಟವರು ಆಮೇಲೆ ಎತ್ತಲಿಲ್ಲ. "ದೊರೆ ಅಂದ್ಕೊಂಡ್ವಿ, ಪಿನ್ನು ಮಾರೋನು ಬಂದ" ಅಂತ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಂದಾಗ ಅವಳ ಬುಟ್ಟಿಯ ಹಿಂದೆಯೇ ಬೀದಿಯ ತುದಿಯವರೆಗೂ ಹೋಗಿಬಿಟ್ಟಿದ್ದೆನಂತೆ ನಾನು, ಮಾತು ಬರುವ ಮುಂಚೆಯೇ. "ರಕ್ತ ಎಲ್ಲಿ ಹೋಗುತ್ತೆ" ಅಂದಳಂತೆ ಅಜ್ಜಿ. ಅದಕ್ಕೂ ನಗು.

ಸರಿ, ನೀನು ಹೇಳಿದ ಹಾಗೇ ಬೀದಿ ಸುತ್ತೋರ ಕಥೆಯನ್ನೇ ಹಿಡಿದೆ. ಅಪ್ಪನಿಗೆ ಫೋನ್ ಮಾಡಿದೆ. ಅವರ ಬಗ್ಗೆ ನಿನಗೆ ಮಾತು ಬೇಡ, ಗೊತ್ತು. ನನಗೂ ಅವರ ಮೇಲೆ ಅಂಥ ಪ್ರೀತಿ ಏನಿಲ್ಲ. ವರ್ಷಕ್ಕೊಂದು ಬರ್ತ್‌ಡೇ ಕಾರ್ಡಿನಲ್ಲಿ ಅಪ್ಪತನ ಮುಗಿಸಿದ ಮನುಷ್ಯ. ಆದರೂ ಫೋನ್ ಎತ್ತಿದ ಕೂಡಲೇ, "ಊಟ ಆಯ್ತಾ?" ಅಂದರು. ಅವರಿಗೆ ಉಳಿದಿರುವ ಕನ್ನಡ ಅಷ್ಟೇ. ಅದು ನೀನು ಕಲಿಸಿದ್ದು, ನಿನ್ನದೇ ರಾಗದಲ್ಲಿ ಹೇಳುತ್ತಾರೆ. ಅವರ ಮುತ್ತಜ್ಜಿಯ ಕಾಲದ ಒಂದಿಷ್ಟು ಹೆಸರು ಕೊಟ್ಟರು. ಅಲ್ಲಿಂದ ಹಿಂದಕ್ಕೆ ಹೋಗುವುದಕ್ಕೆ ಇರುವ ದಾರಿ ಒಂದೇ, ಕೆಂಟ್ ಕಡೆಯ ಹಳ್ಳಿ ಚರ್ಚುಗಳ ಹಳೇ ರಿಜಿಸ್ಟರ್. ಈಗ ಅವೆಲ್ಲ ಫೋಟೋ ತೆಗೆದು ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆ. ಯಾವ ಹಳ್ಳಿ ಅಂತ ಗೊತ್ತಿದ್ದರೆ ಸುಲಭ. ತಿರುಗುವವರಿಗೆ ಹಳ್ಳಿ ಯಾವುದು? ಒಂದೊಂದು ಚರ್ಚನ್ನೂ ಮನೆಮನೆ ತಟ್ಟಿದ ಹಾಗೆ ತಟ್ಟಬೇಕು. ನಾನೂ ಹಾಕರ್ ಆಗಿಬಿಟ್ಟೆ ಅನ್ನು, ಲೈಬ್ರರಿಯಲ್ಲಿ ಕೂತಲ್ಲೇ.

ಆ ರಿಜಿಸ್ಟರ್ ಹೇಗಿರುತ್ತೆ ಗೊತ್ತಾ? ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ವಾಸ, ಕಸುಬು, ಕೊನೆಗೆ ಪಾದ್ರಿಯ ಸಹಿ. ಪುಟಕ್ಕೆ ಪುಟ ರೈತ, ಕೂಲಿ, ಕಮ್ಮಾರ. ಎಲ್ಲರ ವಾಸವೂ ಅದೇ ಹಳ್ಳಿ. ನಡುವೆ ಎಲ್ಲೋ ಒಂದು ಕಡೆ ಕಸುಬು "ಹಾಕರ್", ವಾಸ "ಸಂಚಾರದಲ್ಲಿ". ಕೆಲವು ಪಾದ್ರಿಗಳಿಗೆ ಅಷ್ಟು ತಾಳ್ಮೆಯೂ ಇಲ್ಲ, "ಅಲೆಮಾರಿ" ಅಂತ ಗೀಚಿದ್ದಾರೆ. ಆ ಕೊಂಕು ಅಕ್ಷರಗಳಲ್ಲಿ ನನ್ನ ಸರ್‌ನೇಮ್ ಕಂಡ ದಿನ ಲೈಬ್ರರಿಯಲ್ಲಿ ಜೋರಾಗಿ "ಅಯ್ಯೋ" ಅಂದುಬಿಟ್ಟೆ. ಸೆಲಿನಾ, ಜೇಮ್ಸ್ ಹೋಲ್ಟ್ ಮತ್ತು ಹ್ಯಾನಾ ಅವರ ಮಗಳು. ಹಾಕರ್. ಸಂಚಾರದಲ್ಲಿ.

ಆಮೇಲೆ ಇನ್ನೊಂದು ಹಳ್ಳಿಯ ಚರ್ಚಿನಲ್ಲಿ ಮತ್ತೆ ಒಬ್ಬಳು ಸೆಲಿನಾ. ಅದೇ ಅಪ್ಪ, ಅದೇ ಅಮ್ಮ. ಮೂರನೇ ಹಳ್ಳಿಯಲ್ಲಿ ಇನ್ನೂ ಒಬ್ಬಳು. ಆ ಕಾಲದಲ್ಲಿ ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುತ್ತಿದ್ದರು ಅಂತ ಎಲ್ಲೋ ಓದಿದ್ದೆ. ಹಾಗಾದರೆ ಹ್ಯಾನಾಳಿಗೆ ಇಬ್ಬರು ಸೆಲಿನಾಗಳು ಸತ್ತು ಮೂರನೆಯವಳು ಉಳಿದಳು ಅಂತ ನಾನೇ ತೀರ್ಮಾನ ಮಾಡಿದೆ. ಸತ್ತವರ ರಿಜಿಸ್ಟರ್ ಹುಡುಕಿದೆ, ಆ ಎರಡು ಮಕ್ಕಳನ್ನು ಹೂತ ದಾಖಲೆ ಎಲ್ಲೂ ಸಿಗಲಿಲ್ಲ. ರಸ್ತೆ ಪಕ್ಕ ಎಲ್ಲೋ ಮಣ್ಣುಮಾಡಿ ಮುಂದಿನ ಊರಿಗೆ ಹೋಗಿರಬೇಕು ಅಂದುಕೊಂಡು ಬಾತ್‌ರೂಮಿಗೆ ಹೋಗಿ ಅತ್ತೆ. ನೋಡು, ನಾನು ಎಂಥವಳು ಅಂತ. ಇಬ್ಬರು ಸತ್ತರು ಅಂತ ಪ್ರಬಂಧದಲ್ಲೂ ಬರೆದೆ, ಅಪ್ಪನಿಗೂ ಓದಿ ಹೇಳಿದೆ.

ಅಪ್ಪ ನಕ್ಕುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. "ಮೂರು ಜನ ಅಲ್ಲ ಕಂದಾ, ಒಬ್ಬಳೇ. ಒಂದೇ ಮಗುವಿಗೆ ಮೂರು ಸಲ ಹೆಸರಿಟ್ಟಿದ್ದಾರೆ" ಅಂದರು. ಅವರ ಅಜ್ಜಿ ಹೇಳುತ್ತಿದ್ದಳಂತೆ. ದಾರಿಯಲ್ಲಿ ಮಗು ಹುಟ್ಟಿದರೆ, ಮುಂದೆ ಸಿಕ್ಕ ಹಳ್ಳಿಯ ಚರ್ಚಿಗೆ ಎತ್ತಿಕೊಂಡು ಹೋಗಿ ನಾಮಕರಣ ಮಾಡಿಸುವುದು. ಪಾದ್ರಿಯ ಹೆಂಡತಿಗೆ ಪಾಪ ಅನ್ನಿಸಿ ಒಂದು ಕಂಬಳಿ, ಒಂದು ಹೊತ್ತಿನ ಬಿಸಿ ಊಟ ಕೊಡುತ್ತಿದ್ದಳು. ಮುಂದಿನ ಹಳ್ಳಿಯಲ್ಲಿ ಆ ಮಗುವಿಗೆ ಹೆಸರೇ ಇಟ್ಟಿಲ್ಲ ಅಂತ ಮತ್ತೆ ನಾಮಕರಣ, ಮತ್ತೆ ಕಂಬಳಿ. ಪಾದ್ರಿಗೆ ಗುಮಾನಿ ಬಂದರೂ ಮಗುವಿನ ವಿಷಯ, ಒಲ್ಲೆ ಅನ್ನುವ ಹಾಗಿಲ್ಲ. "ಕಂಬಳಿ ಸರಿ, ಒಂದು ಸಾಲದಾ?" ಅಂತ ಕೇಳಿದೆ. ಅವರ ಅಜ್ಜಿ ಇನ್ನೊಂದು ಮಾತೂ ಹೇಳುತ್ತಿದ್ದಳು ಅಂದರು ಅಪ್ಪ. ತಿರುಗುವವರ ಮಕ್ಕಳನ್ನು ಕಂಡರೆ ಊರವರು ಮೊದಲು ಕೇಳುವುದು, ಇದು ಯಾರ ಮಗು, ಎಲ್ಲಿಂದ ಕದ್ದು ತಂದಿರಿ ಅಂತ. ನಾವು ಹಾದುಹೋಗುವ ಊರಿನಲ್ಲೆಲ್ಲ ಅದಕ್ಕೆ ಉತ್ತರ ಬರೆದಿಟ್ಟಿರಬೇಕು, ಅದಕ್ಕೇ.

ಅವತ್ತು ಫೋನ್ ಇಟ್ಟಮೇಲೆ ಪ್ರಬಂಧದಲ್ಲಿ ಸತ್ತ ಇಬ್ಬರು ಸೆಲಿನಾಗಳನ್ನು ಅಳಿಸಿದೆ. ಖುಷಿಯಾಗಬೇಕಿತ್ತು, ಯಾರೂ ಸಾಯಲಿಲ್ಲವಲ್ಲ. ಆದರೆ ನನಗೆ ಹೊಟ್ಟೆಕಿಚ್ಚಾಯಿತು ಅಮ್ಮ. ಎಂದೋ ಮಣ್ಣಾಗಿ ಹೋದ ಒಂದು ಕೂಸಿನ ಮೇಲೆ ಹೊಟ್ಟೆಕಿಚ್ಚು. ಯಾಕೆ ಅಂದರೆ ನನಗೆ ಹೋಬೋಕನ್‌ನ ನದಿ ದಂಡೆ ನೆನಪಾಯಿತು.

ನಾನು ಈ ದೇಶಕ್ಕೆ ಬಂದು ಇನ್ನೂ ಜೆಟ್‌ಲ್ಯಾಗ್ ಇಳಿದಿರಲಿಲ್ಲ. "ಬಾ, ನಾವಿಬ್ಬರೇ ಹೋಗೋಣ, ನಮ್ಮೋರು ಯಾರೂ ಸಿಗಲ್ಲ ಅಲ್ಲಿ" ಅಂತ ಕರೆದುಕೊಂಡು ಹೋದೆ. "ನಮ್ಮೋರು ಸಿಗಲ್ಲ" ಅನ್ನುವುದು ಯಾಕೆ ಮುಖ್ಯ ಅಂತ ನಾನು ಕೇಳಲಿಲ್ಲ. ನದಿಯ ದಂಡೆಯ ಮೇಲೆ ಕೈ ಹಿಡಿದುಕೊಂಡು ನಡೆದೆವು. ನನ್ನ ಕೈ ಬೆವರುತ್ತಿತ್ತು, ನೀನು ಬಿಡಲಿಲ್ಲ. ಐಸ್‌ಕ್ರೀಮ್ ಕೊಡಿಸಿದೆ, ನನ್ನ ಕೂದಲು ಗಾಳಿಗೆ ಹಾರಿ ಅದರೊಳಕ್ಕೆ ಬಿದ್ದಾಗ ತೆಗೆದು ಕಿವಿಯ ಹಿಂದೆ ಸಿಕ್ಕಿಸಿದೆ. ನಾನು ಅವತ್ತು ಎಷ್ಟು ಸಲ ಅಮ್ಮ ಅಂದೆನೋ. ಅಮ್ಮ ಆ ಫೆರಿ ನೋಡು, ಅಮ್ಮ ಅದು ಯಾವ ಬಿಲ್ಡಿಂಗು, ಅಮ್ಮ ಕಾಲು ನೋಯ್ತಿದೆ. ಏನೂ ವಿಷಯವಿಲ್ಲದಿದ್ದರೂ ಅಮ್ಮ. ಅಷ್ಟರಲ್ಲಿ ಫೆರಿ ಇಳಿದು ಬರುತ್ತಿದ್ದವರ ನಡುವಿನಿಂದ "ಹಾಯ್ ಕೌಸಲ್ಯಾ ಆಂಟಿ!" ಅಂತ ಕೂಗು. ಬಾಲು ಅಂಕಲ್ ಮಗಳು ಧೃತಿ, ಅಲ್ಲೇ ಅಪಾರ್ಟ್‌ಮೆಂಟ್ ಮಾಡಿಕೊಂಡಿದ್ದಾಳೆ ಅನ್ನುವುದು ನಿನಗೆ ಮರೆತೇಹೋಗಿತ್ತು. ನಿನ್ನ ಕೈ ನನ್ನ ಕೈಯಿಂದ ಹೇಗೆ ಹೊರಟುಹೋಯಿತು ಅಂತ ನನಗೆ ಗೊತ್ತಾಗಲೇ ಇಲ್ಲ. ಕಿತ್ತುಕೊಳ್ಳಲೂ ಇಲ್ಲ ನೀನು. ಇತ್ತು, ಆಮೇಲೆ ಇರಲಿಲ್ಲ. "ಇವಳು ಸಂಹಿತಾ, ನನ್ನ ಕಾಲೇಜ್ ಫ್ರೆಂಡ್ ಮಗಳು. ಅಪ್ಪ ಬ್ರಿಟಿಷ್. ಪಾಪ, ಅವರಿಬ್ಬರೂ ಸೆಪರೇಟ್ ಆಗಿಬಿಟ್ಟರು. ಹಾಸ್ಟೆಲ್ಲಿನಲ್ಲೇ ಬೆಳೆದಳು" ಅಂದೆ. ನೀನು ಸುಳ್ಳು ಹೇಳುವುದರಲ್ಲೂ ಎಂಥ ಅಚ್ಚುಕಟ್ಟು! ಎಲ್ಲ ನಿಜವನ್ನೇ ಹೇಳಿ, ಅದರಿಂದ ನಿನ್ನೊಬ್ಬಳನ್ನು ಮಾತ್ರ ಎತ್ತಿಟ್ಟುಬಿಟ್ಟೆ. ಧೃತಿ ನನ್ನ ಭುಜ ತಟ್ಟಿ, "ಯು ಆರ್ ಸೋ ಲಕ್ಕಿ, ಕೌಸಲ್ಯಾ ಆಂಟಿ ಈಸ್ ಲೈಕ್ ಎ ಮದರ್ ಟು ಎವ್ರಿವನ್" ಅಂದಳು. ಕರಗುತ್ತಿದ್ದ ಐಸ್‌ಕ್ರೀಮ್ ನೆಕ್ಕುತ್ತ ಹೌದು ಅಂದೆ.

ಅವತ್ತಿನಿಂದ ನಾನು ಆಂಟಿ ಅನ್ನುವುದನ್ನು ಮನೆಯೊಳಗೂ ಅಭ್ಯಾಸ ಮಾಡಿಕೊಂಡೆ. ಇಲ್ಲಿ ಅದೊಂದು ಅನುಕೂಲ, ಕಂಡ ಹಿರಿಯರೆಲ್ಲ ಅಂಕಲ್ಲು ಆಂಟಿಯೇ. ಯಾರಿಗೂ ಕಿವಿ ನಿಮಿರುವುದಿಲ್ಲ. ಶರ್ವಾಣಿ ನನ್ನನ್ನು ಅಕ್ಕ ಅನ್ನುತ್ತಾಳೆ, ಅವಳು ಡಾನ್ಸ್ ಕ್ಲಾಸಿನ ದೊಡ್ಡ ಹುಡುಗಿಯರನ್ನೆಲ್ಲ ಹಾಗೇ ಕರೆಯುವುದು. ಊಟವಾದ ಮೇಲೆ ನನ್ನ ತಟ್ಟೆ ನಾನೇ ತೊಳೆಯುತ್ತೇನೆ, ಹಾಸ್ಟೆಲಿನ ರೂಢಿ. ನಿನ್ನ ಸ್ನೇಹಿತೆಯರು, "ಗೆಸ್ಟ್ ಆದರೂ ಎಷ್ಟು ಒಳ್ಳೆ ಹುಡುಗಿ ನೋಡ್ರೀ" ಅನ್ನುತ್ತಾರೆ. ಬಾಲು ಅಂಕಲ್ಲಂತೂ ಮೈಕ್ ಇಲ್ಲದೆಯೂ ಮೈಕಿನಲ್ಲೇ ಮಾತಾಡುವ ಮನುಷ್ಯ. "ಏನಮ್ಮಾ ಸಂಹಿತಾ, ಹೆಸರಲ್ಲಿ ವೇದ, ಕಣ್ಣಲ್ಲಿ ಲಂಡನ್ನು! ನಮ್ಮ ಕನ್ನಡ ಕೂಟಕ್ಕೆ ನೀನೇ ವಿಕ್ಟೋರಿಯಾ ರಾಣಿ!" ಅಂತ ದೀಪಾವಳಿ ಊಟದಲ್ಲಿ ಕೂಗಿದಾಗ ಎಲ್ಲರೂ ನಕ್ಕರು. ನೀನೂ ನಕ್ಕೆ. ಒಬ್ಬಳು ಮಾತ್ರ ನಗಲಿಲ್ಲ. ಪಕ್ಕದಲ್ಲಿ ಹೋಳಿಗೆ ಮುರಿಯುತ್ತಿದ್ದ ಶರ್ವಾಣಿ ನನ್ನ ಮೇಲೇರಿದ ಹುಬ್ಬನ್ನೇ ನೋಡಿ, "ವೇಟ್. ಯು ಡೂ ದ ಐಬ್ರೋ ಥಿಂಗ್. ಮಾಮ್ ಡಸ್ ದ ಎಕ್ಸಾಕ್ಟ್ ಸೇಮ್ ಐಬ್ರೋ ಥಿಂಗ್" ಅಂದಳು. ಸಾರಿನ ಪಾತ್ರೆ ತರಲು ನೀನು ಒಳಗೆ ಎದ್ದುಹೋದೆ. ಸಾರು ಟೇಬಲ್ ಮೇಲೇ ಇತ್ತು.

ಇಷ್ಟನ್ನೂ ನಾನು ನುಂಗಿಕೊಂಡಿದ್ದೆ ಅಮ್ಮ. ಯಾಕೆ ಅಂದರೆ ತಪ್ಪು ನಿನ್ನದಲ್ಲ ಅಂತ ತಿಳಿದಿದ್ದೆ. ನನ್ನನ್ನು ಹಾಸ್ಟೆಲಿಗೆ ಬಿಡುವಾಗ ಅಜ್ಜಿ ಟ್ರಂಕಿನ ಮೇಲೆ ನನ್ನ ಹೆಸರು ಬರೆಸುತ್ತಾ, "ನಿಮ್ಮಮ್ಮನ್ನ ಮದುವೆಯಾದ ಗುರುರಾಜ ಕಂಡೀಶನ್ ಹಾಕಿದ್ದಾನೆ ಪುಟ್ಟಿ. ಮೊದಲಿನ ಮದುವೆಯ ಮಗು ಅಂತ ಜನರಿಗೆ ಗೊತ್ತಾಗಬಾರದಂತೆ. ನಿಮ್ಮಮ್ಮ ತಾನೇ ಏನು ಮಾಡ್ತಾಳೆ, ಪಾಪ" ಅಂದಿದ್ದಳು. ಅದನ್ನೇ ನಂಬಿಕೊಂಡು ಬೆಳೆದೆ. ಎರಡು ಮೂರು ವರ್ಷಕ್ಕೊಮ್ಮೆ ನೀನು ಚಾಕೊಲೇಟ್ ಡಬ್ಬಿ ಹಿಡಿದು ಹಾಸ್ಟೆಲಿನ ಜಗಲಿಯಲ್ಲಿ ಕೂತು ಅತ್ತು ಹೋದಾಗೆಲ್ಲ ಕಾಣದ ಆ ಮನುಷ್ಯನನ್ನು ಶಪಿಸಿದ್ದೇನೆ. ಇಲ್ಲಿಗೆ ಬಂದಮೇಲೂ ಅವರು ತಂದುಕೊಟ್ಟ ಸ್ನೋ ಶೂಗಳನ್ನು ಥ್ಯಾಂಕ್ಸ್ ಹೇಳದೆ ಹಾಕಿಕೊಂಡೆ.

ಹೋದ ಶನಿವಾರ ಶರ್ವಾಣಿಯ ರಿಹರ್ಸಲ್ ಆದಮೇಲೆ ಗುರುರಾಜ ಅಂಕಲ್ಲೇ ನನ್ನನ್ನು ಡಾರ್ಮಿಗೆ ಬಿಡಲು ಹೊರಟರಲ್ಲ. ದಾರಿಯಲ್ಲಿ ಕ್ರ್ಯಾನ್‌ಬರಿಯ ಆಫೀಸಿನಿಂದ ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕು ಅಂದರು. ಹೈವೇಯ ಎಕ್ಸಿಟ್ ಎಂಟು ಎ ಹತ್ತಿರ ಗೋಡೌನುಗಳ ಸಾಲು, ಒಂದರ ಹಿಂದೆ ಒಂದು ಟ್ರಕ್ಕು. "ಇಡೀ ಈಸ್ಟ್ ಕೋಸ್ಟಿಗೆ ಬೇಕಾದ್ದೆಲ್ಲ ಇಲ್ಲಿಂದಲೇ ಹೋಗೋದು, ಸೂಜಿಯಿಂದ ಸೋಫಾವರೆಗೂ. ಡೋರ್ ಟು ಡೋರ್" ಅಂದರು ಹೆಮ್ಮೆಯಿಂದ. ತಾತ ಬದುಕಿದ್ದಿದ್ದರೆ ಕರೆದು ತೋರಿಸುತ್ತಿದ್ದೆ. ಇಷ್ಟು ದೊಡ್ಡದಾಗಿ ಮಾಡಿದರೆ ಅದೇ ಕಸುಬಿಗೆ ಮರ್ಯಾದೆ.

ಲ್ಯಾಪ್‌ಟಾಪ್ ತಂದು ಹಿಂದಿನ ಸೀಟಿನಲ್ಲಿಟ್ಟು, ಕಾರ್ ಸ್ಟಾರ್ಟ್ ಮಾಡದೆ ಕೂತರು. ಸ್ಟಿಯರಿಂಗ್ ಒರೆಸಿದರು, ಮತ್ತೆ ಒರೆಸಿದರು. ಆಮೇಲೆ, "ಸಂಹಿತಾ, ತಪ್ಪು ತಿಳ್ಕೋಬೇಡ, ಒಂದು ಕೇಳ್ತೀನಿ. ನಮ್ಮ ಮೇಲೆ ಇನ್ನೂ ಕೋಪ ಇದೆಯೇನಮ್ಮ? ಮದುವೆಯಾದಾಗಲೇ ಹೇಳಿದ್ದೆ, ಮಗೂನ ಕರ್ಕೊಂಡು ಬಾ ಅಂತ. ಶರ್ವಾಣಿ ಹುಟ್ಟಿದಾಗ ಮತ್ತೆ ಹೇಳಿದೆ. ನೀನೇ ಬರಲ್ಲ ಅಂತ ಹಠ ಹಿಡಿದೆಯಂತೆ, ಹಾಸ್ಟೆಲ್ಲೇ ಇಷ್ಟ ಅಂದೆಯಂತೆ. ಹೋಗಲಿ, ಚಿಕ್ಕವಳು. ಈಗ ಇಲ್ಲಿಗೆ ಬಂದಮೇಲೂ ಜನರ ಮುಂದೆ ಅವಳನ್ನ ಅಮ್ಮ ಅಂತ ಕರೆಯಲ್ಲ ಅಂತ ನೀನೇ ಕಂಡೀಶನ್ ಹಾಕಿದ್ದೀಯಂತೆ. ಕೌಸಲ್ಯಾ ಒಬ್ಬಳೇ ಕೂತು ಅಳ್ತಾಳೆ. ಶರ್ವಾಣಿಗಾದರೂ ಹೇಳಬಹುದಲ್ಲಮ್ಮ?" ಅಂದರು.

ಒಂದು ಟ್ರಕ್ಕು ಹಿಂದಕ್ಕೆ ಬರುತ್ತಾ ಬೀಪ್ ಬೀಪ್ ಅನ್ನುತ್ತಿತ್ತು. ಅದು ನಿಲ್ಲಲಿ ಅಂತ ಕಾದೆ. ಏನು ಹೇಳಬೇಕಿತ್ತು ನಾನು, ನೀನೇ ಹೇಳು. ಅವರು ಕಂಡೀಶನ್ ಹಾಕಿದರು ಅಂತ ನನಗೆ ಅಜ್ಜಿ ಹೇಳಿದಳು, ನಾನು ಹಾಕಿದೆ ಅಂತ ಅವರಿಗೆ ನೀನು ಹೇಳಿದೆ. ನನಗೆ ಹೇಳಿದ ಸುಳ್ಳು ಅಜ್ಜಿಯೇ ಕಟ್ಟಿದ್ದೋ, ನೀನೇ ಅವಳ ಬಾಯಲ್ಲಿ ಹೇಳಿಸಿದ್ದೋ, ಇನ್ನು ಕೇಳಲು ಅಜ್ಜಿಯೂ ಇಲ್ಲ. ನಮ್ಮಿಬ್ಬರ ನಡುವೆ ನೀನು ಮಾತ್ರ ಪಾಪ. ನನಗೆ ಕಿರುಚಬೇಕು ಅನ್ನಿಸಿತು. ಬಾಯಿ ಬಿಟ್ಟರೆ ಬಂದದ್ದು, "ಹೂಂ ಅಂಕಲ್. ನನಗೆ ಇನ್ನೂ ಸ್ವಲ್ಪ ಟೈಮ್ ಬೇಕು" ಅಂತ.

ನಿನ್ನನ್ನು ಬಿಟ್ಟುಕೊಡಲಿಲ್ಲ ನಾನು. ನನಗೆ ನನ್ನ ಮೇಲೆ ಸಿಟ್ಟು ಬಂದಿರುವುದು ಅದಕ್ಕೇ. ಆ ಮನುಷ್ಯ ಪಾಪ ತಲೆಯಾಡಿಸಿ, "ಟೇಕ್ ಯುವರ್ ಟೈಮ್" ಅಂತ ಕಾರ್ ಸ್ಟಾರ್ಟ್ ಮಾಡಿ ಹೀಟರ್ ಹಾಕಿದರು. ನನಗೆ ಚಳಿ ಅಂದುಕೊಂಡರು. ಡಾರ್ಮಿನ ಮುಂದೆ ಇಳಿಯುವಾಗ ಸ್ನೋ ಶೂಗಳಿಗೆ ಥ್ಯಾಂಕ್ಸ್ ಅಂದೆ, ಮೇ ತಿಂಗಳಿನಲ್ಲಿ. ಅವರಿಗೆ ಅರ್ಥವಾಗಲಿಲ್ಲ.

ರೂಮಿಗೆ ಬಂದು ಬ್ರೋಷರ್ ತೆಗೆದೆ. ಕುಟುಂಬದ ಪುಟದಲ್ಲಿ ನಿಮ್ಮ ಮೂವರ ಫೋಟೋ. ಕೆಳಗೆ ನೀನು ಬರೆದ ಸಾಲು, ನಾವು ಮೂರೇ ಜನರ ಪುಟ್ಟ ಸಂಸಾರ ಅಂತ. ಕೊನೇ ಪುಟದಲ್ಲಿ ಕೃತಜ್ಞತೆ. ಅಲ್ಲಿ ನನ್ನ ಹೆಸರಿದೆ. ಕೇಟರಿಂಗಿನವರ ಕೆಳಗೆ, ಹೂವಿನ ಡೆಕೊರೇಷನ್‌ನವರ ಮೇಲೆ, "ಇಂಗ್ಲಿಷ್ ತಿದ್ದಿಕೊಟ್ಟ ನಮ್ಮ ಪ್ರೀತಿಯ ಸ್ನೇಹಿತೆಯ ಮಗಳು ಸಂಹಿತಾ". "ಪ್ರೀತಿಯ" ಅನ್ನುವುದನ್ನು ನೀನು ಆಮೇಲೆ ಸೇರಿಸಿದ್ದೀ, ಕಂಪ್ಯೂಟರ್ ಅದನ್ನು ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಆ ಪದವನ್ನು ಸೇರಿಸುವಾಗ ನಿನ್ನ ಹುಬ್ಬು ಹೇಗೆ ಆಡಿರುತ್ತೆ ಅಂತ ನನಗೆ ಗೊತ್ತು.

ಹ್ಯಾನಾಳದ್ದು ಓದುಬರಹ ಬಾರದ ಹೆಂಗಸಿನ ಬದುಕು. ಮನೆಯಿಲ್ಲ, ಮರ್ಯಾದೆ ಮೊದಲೇ ಇಲ್ಲ, ಊರಾಚೆಯ ಬಯಲಿನಲ್ಲಿ ನಿಲ್ಲಿಸಿದ ಗಾಡಿ ಒಂದಿತ್ತೋ ಏನೋ. ಆದರೂ ಕೂಸನ್ನು ಎತ್ತಿಕೊಂಡು ಹೋಗಿ, ತನ್ನನ್ನು ಅಲೆಮಾರಿ ಅಂತ ಬರೆಯುವ ಪಾದ್ರಿಯ ಮುಂದೆ ನಿಂತು, ಇದು ಸೆಲಿನಾ, ನನ್ನದು ಅಂದಳು. ಒಂದು ಊರಲ್ಲಲ್ಲ, ಮೂರು ಊರಲ್ಲಿ. ಕಂಬಳಿಯ ಆಸೆಗೇ ಅಂದಳು ಅನ್ನು, ಅದಕ್ಕೇನಂತೆ. ನೀನೂ ನನಗೆ ಕಂಬಳಿ ಕೊಟ್ಟಿದ್ದೀ. ಬಂದ ವಾರವೇ ಅಷ್ಟು ದಪ್ಪದ ಕಂಫರ್ಟರ್ ಹೊದಿಕೆ, ರೈಸ್ ಕುಕ್ಕರ್, ಚಟ್ನಿಪುಡಿ, ಥರ್ಮಲ್ಸು, ಕಾರಿನ ಡಿಕ್ಕಿಯ ತುಂಬ. ಅವಳು ಹೆಸರು ಹೇಳಿ ಕಂಬಳಿ ತಂದಳು. ನೀನು ಹೆಸರು ಹೇಳದೇ ಇರುವುದಕ್ಕೆ ಕಂಬಳಿ ಕೊಟ್ಟೆ. ರಾತ್ರಿ ಅದನ್ನೇ ಹೊದ್ದು ಮಲಗುತ್ತೇನೆ, ಬೆಚ್ಚಗೇ ಇರುತ್ತದೆ, ಏನು ಮಾಡಲಿ.

ಇದು ಬೆದರಿಕೆ ಅಲ್ಲ ಅಮ್ಮ. ನಾನು ಗುರುರಾಜ ಅಂಕಲ್‌ಗೆ ಏನೂ ಹೇಳುವುದಿಲ್ಲ. ಶರ್ವಾಣಿಗೂ ಹೇಳುವುದಿಲ್ಲ. ಹೇಳುವುದಿದ್ದರೆ ಅದು ನೀನೇ ಹೇಳಬೇಕಾದ ಮಾತು. ಬಾಯಲ್ಲಿ ಹೇಳಲು ಕಷ್ಟವಾದರೆ ಬ್ರೋಷರಿನಲ್ಲಿ ಹೇಳು. ಎಡಿಸನ್ನಿನಲ್ಲಿ ಆ ಬ್ರೋಷರ್ ಸೇರದ ಕನ್ನಡದ ಮನೆ ಇಲ್ಲ, ಚರ್ಚಿನ ರಿಜಿಸ್ಟರಿಗಿಂತ ಗಟ್ಟಿ. ಕುಟುಂಬದ ಪುಟದಲ್ಲಿ ನನ್ನ ಫೋಟೋ ಬೇಡ, ಹೆಸರು ಸಾಕು. ಮೂರು ಸಲ ಬೇಡ, ಒಂದು ಸಲ. ಆಗುವುದಿಲ್ಲ ಅಂದರೆ ಕೇಟರಿಂಗಿಗೂ ಹೂವಿಗೂ ನಡುವಿನಿಂದ ನನ್ನನ್ನು ತೆಗೆದುಬಿಡು. ಎಲ್ಲೂ ಇಲ್ಲದವಳಾಗಿ ಇರುವುದು ನನಗೆ ರೂಢಿಯಿದೆ. ಈ ನಡುವೆ ಇರುವುದೇ ಆಗುತ್ತಿಲ್ಲ. ಆಗ ನಾನು ಸಭೆಗೂ ಬರುವುದಿಲ್ಲ, ನಿಮ್ಮ ಮನೆಗೂ ಬರುವುದಿಲ್ಲ, ಇನ್ನೊಂದು ಸಲ ಆಂಟಿ ಅನ್ನುವುದೂ ಇಲ್ಲ.

ಸಿಟ್ಟಿನಲ್ಲಿ ಮರೆಯುವ ಮುಂಚೆ ಒಂದು ಮಾತು. ರಿಹರ್ಸಲ್‌ನಲ್ಲಿ ಶರ್ವಾಣಿ ತುಂಬ ಚೆನ್ನಾಗಿ ಕುಣಿದಳು. ಅಭಿನಯದ ಪದಂ ಬಂದಾಗ ಮಾತ್ರ ಕಣ್ಣು ನಿನ್ನನ್ನೇ ಹುಡುಕುತ್ತಿತ್ತು, ನೀನು ಫೋನಿನಲ್ಲಿದ್ದೆ. ಅವತ್ತು ಮುಂದಿನ ಸಾಲಿನಲ್ಲಿ ಕೂತಿರು. ಅವಳ ಗೆಜ್ಜೆ ತಪ್ಪದೆ ನುಡಿಯಲಿ. ಅವಳಿಗೆ ಯಾವತ್ತೂ ಕಾಗದ ಬರೆದು ಅಮ್ಮನನ್ನು ಕೇಳುವ ಹಾಗೆ ಆಗದಿರಲಿ.

ತಿದ್ದಿದ ಬ್ರೋಷರ್ ನನ್ನ ಹತ್ತಿರವೇ ಇದೆ. ಗುರುವಾರದೊಳಗೆ ಹೌದು ಅಥವಾ ಇಲ್ಲ ಅಂತ ತಿಳಿಸು, ಫೋನ್ ಬೇಡ, ಬರೆದು ತಿಳಿಸು. ದಯವಿಟ್ಟು ಬೇಗ ಉತ್ತರ ಬರೆ.

ಇಂತಿ,
ಸಂಹಿತಾ,
ನೀಲ್ ಹೋಲ್ಟ್ ಮತ್ತು ಕೌಸಲ್ಯಾ ಅವರ ಮಗಳು